ಜರ್ಮನಿಯಲ್ಲಿ ಸಾರ್ವಜನಿಕ ವಿಮೆಯ ಮೇಲೆ ಚರ್ಮವೈದ್ಯರನ್ನು ಕಾಣುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಪ್ರಶ್ನೆ ಪ್ರತಿ ವರ್ಷವೂ ಚಳಿಗಾಲದ ಜೊತೆಗೇ ಬರುತ್ತದೆ. ಮನೆಯ ಹೀಟರ್ ಬಿಸಿಯಾಗತೊಡಗಿ ಗಾಳಿ ಒಣಗಿದಾಗ ಇಸುಬು ಕೆರಳುತ್ತದೆ, ಮಕ್ಕಳ ಮೊಣಕೈ ಮಡಿಕೆಗಳಲ್ಲಿ ತುರಿಕೆ ಹೆಚ್ಚುತ್ತದೆ, ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಂದವರ ತೊಡೆಸಂದಿಯಲ್ಲಿ ಹುಳುಕಡ್ಡಿ ಕಾಣಿಸಿಕೊಳ್ಳುತ್ತದೆ. ಚರ್ಮವೈದ್ಯರಿಗೆ ಫೋನ್ ಮಾಡಿದರೆ ನಾಲ್ಕೈದು ತಿಂಗಳ ಆಚೆಯ ದಿನಾಂಕ ಸಿಗುತ್ತದೆ, ಇಲ್ಲವೇ ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ ಎಂಬ ಉತ್ತರ ಬರುತ್ತದೆ. ಪ್ರತಿ ತಿಂಗಳೂ ಸಂಬಳದಿಂದ ವಿಮೆಯ ಹಣ ಕಡಿತವಾಗುತ್ತಿರುವಾಗ ಹೀಗೇಕೆ ಎಂದು ಬೇಸರಪಡುವುದು ಸಹಜ.

ನಮ್ಮಲ್ಲಿ ಹೆಚ್ಚಿನವರು ಊರಿನ ಅಭ್ಯಾಸದಂತೆ ನೇರವಾಗಿ ತಜ್ಞರ ಬಾಗಿಲು ತಟ್ಟುತ್ತಾರೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಸಂಜೆ ಕ್ಲಿನಿಕ್ಕಿಗೆ ಹೋಗಿ ಟೋಕನ್ ತೆಗೆದುಕೊಂಡು ಕುಳಿತರೆ ರಾತ್ರಿಯೊಳಗೆ ವೈದ್ಯರು ನೋಡಿಬಿಡುತ್ತಾರೆ. ಇಲ್ಲಿನ ವ್ಯವಸ್ಥೆಯಲ್ಲಿ ಇಪ್ಪತ್ತು ಫೋನ್ ಕರೆಗಳಿಗಿಂತ ಕುಟುಂಬ ವೈದ್ಯರು ಬರೆದುಕೊಡುವ ಒಂದು ಚೀಟಿಗೆ ಹೆಚ್ಚು ತೂಕವಿದೆ. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ಬದಲಿಸದೆ ಅನುಸರಿಸುವುದು ಒಳ್ಳೆಯದು.

ಮೊದಲಿಗೆ ಒಂದು ಎಚ್ಚರಿಕೆ. ಮುಖ, ತುಟಿ ಅಥವಾ ನಾಲಿಗೆ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದರೆ ಈ ಲೇಖನವನ್ನು ಬದಿಗಿಟ್ಟು 112ಕ್ಕೆ ಕರೆ ಮಾಡಬೇಕು. ಜ್ವರದೊಂದಿಗೆ ವೇಗವಾಗಿ ಹರಡುವ ದದ್ದು, ಚರ್ಮ ಸುಲಿದು ಬರುವ ಗುಳ್ಳೆಗಳು, ಕಣ್ಣಿನ ಸುತ್ತ ಕಾಣಿಸಿಕೊಂಡ ಸರ್ಪಸುತ್ತು ಇವು ಕೂಡ ಕಾಯುವ ಕಾಯಿಲೆಗಳಲ್ಲ. ಸರ್ಪಸುತ್ತಿಗೆ ಕೊಡುವ ಔಷಧ ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಪ್ರಯೋಜನಕಾರಿ. ಅದನ್ನು ಕುಟುಂಬ ವೈದ್ಯರೇ ಬರೆದುಕೊಡಬಲ್ಲರು, ಚರ್ಮವೈದ್ಯರಿಗಾಗಿ ಕಾಯಬೇಕಾಗಿಲ್ಲ.

1. ನಿಮ್ಮ ವಿಮೆ ಯಾವುದೆಂದು ಖಚಿತಪಡಿಸಿಕೊಳ್ಳಿ

ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಗೆ ‘ಗೆಸೆಟ್ಸ್‌ಲಿಶೆ ಕ್ರಾಂಕೆನ್‌ಫರ್‌ಜಿಶರುಂಗ್’ ಎನ್ನುತ್ತಾರೆ. ಅದನ್ನು ನಡೆಸುವ ಸಂಸ್ಥೆಗೆ ‘ಕ್ರಾಂಕೆನ್‌ಕಾಸ್ಸೆ’ ಎಂದು ಹೆಸರು, ಮಾತಿನಲ್ಲಿ ಬರಿಯ ‘ಕಾಸ್ಸೆ’. ಟಿಕೆ, ಎಒಕೆ, ಬಾರ್ಮರ್, ಡಿಎಕೆ ಇವೆಲ್ಲ ಕಾಸ್ಸೆಗಳು. ದೇಶದ ಹತ್ತರಲ್ಲಿ ಸುಮಾರು ಒಂಬತ್ತು ಜನ ಈ ವಿಮೆಯಲ್ಲೇ ಇದ್ದಾರೆ. ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಪಡೆಯುವ ನೌಕರರು ಮಾತ್ರ ಖಾಸಗಿ ವಿಮೆಯನ್ನು ಆರಿಸಿಕೊಳ್ಳಬಹುದು. 2025ರಲ್ಲಿ ಆ ಮಿತಿ ವರ್ಷಕ್ಕೆ 73,800 ಯೂರೊ ಇತ್ತು.

ಗೊಂದಲವಾಗುವುದು ಹೊಸದಾಗಿ ಬಂದವರಿಗೆ. ವೀಸಾಕ್ಕಾಗಿ ಬೆಂಗಳೂರಿನಿಂದಲೇ ಆನ್‌ಲೈನಿನಲ್ಲಿ ಕೊಂಡ ಅಗ್ಗದ ವಿಮೆ ಸಾಮಾನ್ಯವಾಗಿ ಪ್ರಯಾಣ ವಿಮೆ ಅಥವಾ ಖಾಸಗಿ ವಿಮೆಯಾಗಿರುತ್ತದೆ, ಕಾಸ್ಸೆಯ ಸದಸ್ಯತ್ವವಲ್ಲ. ಕೆಲಸಕ್ಕೆ ಸೇರಿ ಕಾಸ್ಸೆಯ ಸದಸ್ಯರಾದ ಮೇಲೂ ಫೋಟೊ ಇರುವ ಕಾರ್ಡ್ ಅಂಚೆಯಲ್ಲಿ ಬರಲು ಕೆಲವು ವಾರ ಹಿಡಿಯಬಹುದು. ಕಾರ್ಡ್ ಬಂದಿಲ್ಲ ಎಂಬ ಕಾರಣಕ್ಕೆ ವೈದ್ಯರ ಭೇಟಿಯನ್ನು ಮುಂದೂಡಬೇಡಿ. ‘ಎರ್ಜಾಟ್ಸ್‌ಬೆಶೈನಿಗುಂಗ್’ ಕೊಡಿ ಎಂದು ಕಾಸ್ಸೆಯನ್ನು ಕೇಳಿದರೆ, ಕಾರ್ಡಿಗೆ ಬದಲಾಗಿ ಒಪ್ಪುವ ಪ್ರಮಾಣಪತ್ರ ಬೇಗನೆ ಸಿಗುತ್ತದೆ.

2. ಕುಟುಂಬ ವೈದ್ಯರಿಂದ ಚೀಟಿ ಮತ್ತು ಕೋಡ್ ಪಡೆಯಿರಿ

‘ಹೌಸ್‌ಆರ್ಟ್ಸ್ಟ್’ ಎಂದರೆ ಕುಟುಂಬ ವೈದ್ಯರು. ಚರ್ಮವೈದ್ಯರ ಬಳಿ ಹೋಗಲು ಕಾನೂನಿನ ಪ್ರಕಾರ ಇವರ ಶಿಫಾರಸು ಕಡ್ಡಾಯವಲ್ಲ, ಹಾಗಾಗಿ ಅನೇಕರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ತಿಂಗಳುಗಟ್ಟಲೆ ಕಾಯುವ ಸ್ಥಿತಿ ಬರುವುದು ಹೆಚ್ಚಾಗಿ ಇದರಿಂದಲೇ.

ಕುಟುಂಬ ವೈದ್ಯರನ್ನು ಮೊದಲು ಕಾಣುವುದರಿಂದ ಆಗುವ ಮೊದಲ ಪ್ರಯೋಜನವೆಂದರೆ, ಸಾಮಾನ್ಯ ಇಸುಬು, ಮೊಡವೆ, ಕಾಲ್ಬೆರಳ ಸಂದಿಯ ಫಂಗಸ್, ಕಜ್ಜಿ ಇಂಥವುಗಳಿಗೆ ಅವರೇ ಚಿಕಿತ್ಸೆ ಕೊಡಬಲ್ಲರು. ತಜ್ಞರು ಬೇಕೇ ಬೇಕು ಎನಿಸಿದರೆ ಅವರು ‘ಊಬರ್‌ವೈಜುಂಗ್’ ಬರೆದುಕೊಡುತ್ತಾರೆ. ಇದು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಬರೆಯುವ ಶಿಫಾರಸು ಚೀಟಿ. ಚೀಟಿ ಕೈಗೆ ಬಂದಾಗ ಅದರ ಮೇಲೆ 12 ಅಕ್ಷರ–ಅಂಕಿಗಳ ‘ಫರ್‌ಮಿಟ್ಲುಂಗ್ಸ್‌ಕೋಡ್’ ಇದೆಯೇ ಎಂದು ನೋಡಿ. ನಾಲ್ಕು ನಾಲ್ಕರಂತೆ ಮೂರು ಗುಂಪುಗಳಲ್ಲಿ ಮುದ್ರಿಸಿರುವ ಈ ಕೋಡ್ ನಿಮಗೆ ಬೇಗನೆ ವೈದ್ಯರ ಸಮಯ ಬೇಕಾಗಿದೆ ಎಂಬುದಕ್ಕೆ ಪುರಾವೆ. ಐದನೆಯ ಹಂತದಲ್ಲಿ ಇದಿಲ್ಲದೆ ಮುಂದೆ ಹೋಗಲಾಗುವುದಿಲ್ಲ. ಕೋಡ್ ತಾನಾಗಿಯೇ ಬರುವುದಿಲ್ಲ, ವೈದ್ಯರು ಕಾಯಿಲೆಯನ್ನು ನೋಡಿ ನಿರ್ಧರಿಸುತ್ತಾರೆ. ಆದರೆ ಕೇಳುವುದರಲ್ಲಿ ಸಂಕೋಚ ಬೇಡ. ತುರಿಕೆಯಿಂದ ರಾತ್ರಿ ನಿದ್ದೆಯಿಲ್ಲ, ಮಚ್ಚೆ ಎರಡು ತಿಂಗಳಿಂದ ಬೆಳೆಯುತ್ತಿದೆ, ಕೊಟ್ಟ ಮುಲಾಮಿನಿಂದ ಗುಣವಾಗಿಲ್ಲ ಎಂಬಂಥ ವಿವರಗಳನ್ನು ಸ್ಪಷ್ಟವಾಗಿ ಹೇಳಿ. ಎಲ್ಲದಕ್ಕೂ ‘ಪರವಾಗಿಲ್ಲ’ ಎನ್ನುವ ನಮ್ಮ ವಿನಯ ಇಲ್ಲಿ ನಮಗೇ ತೊಡಕಾಗುತ್ತದೆ.

ಇನ್ನೂ ಉತ್ತಮ ದಾರಿಯೊಂದಿದೆ. ಕುಟುಂಬ ವೈದ್ಯರ ಕಚೇರಿಯವರೇ ಚರ್ಮವೈದ್ಯರಿಗೆ ಫೋನ್ ಮಾಡಿ ನಿಮಗೆ ಸಮಯ ಗೊತ್ತುಪಡಿಸಬಹುದು. ಇದಕ್ಕೆ ‘ಹೌಸ್‌ಆರ್ಟ್ಸ್ಟ್‌ಫರ್‌ಮಿಟ್ಲುಂಗ್ಸ್‌ಫಾಲ್’ ಎಂಬ ಬಾಯಿ ಹೊರಳದ ಹೆಸರಿದೆ. ಹೀಗೆ ಬಂದ ರೋಗಿಯನ್ನು ನೋಡಿದ ತಜ್ಞರಿಗೆ ಕಾಸ್ಸೆಯಿಂದ ಹೆಚ್ಚುವರಿ ಹಣ ಸಿಗುತ್ತದೆ. 2023ರ ಜನವರಿಯಿಂದ ಈ ಮೊತ್ತವನ್ನು ಮೆಟ್ಟಿಲುಮೆಟ್ಟಿಲಾಗಿ ನಿಗದಿಪಡಿಸಲಾಗಿದೆ. ನಾಲ್ಕು ದಿನಗಳೊಳಗೆ ನೋಡಿದರೆ ಅತಿ ಹೆಚ್ಚು, 14 ದಿನಗಳೊಳಗೆ ಅದಕ್ಕಿಂತ ಕಡಿಮೆ, 35 ದಿನಗಳೊಳಗೆ ಇನ್ನೂ ಕಡಿಮೆ. ನೀವು ಕರೆ ಮಾಡಿದಾಗ ಸಿಗದ ಸಮಯ ಅವರು ಕರೆ ಮಾಡಿದಾಗ ಸಿಗುವುದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ.

ಇಲ್ಲೊಂದು ತೊಡಕು ಎದುರಾಗಬಹುದು. ಕೆಲವರು ಕುಟುಂಬ ವೈದ್ಯರ ಬಳಿ ಮೊದಲ ದಿನವೇ ‘ಹೌಸ್‌ಆರ್ಟ್ಸ್ಟ್‌ಮೊಡೆಲ್’ ಎಂಬ ಒಪ್ಪಂದಕ್ಕೆ ಓದದೆ ಸಹಿ ಹಾಕಿರುತ್ತಾರೆ. ಅಂಥವರು ಕಣ್ಣಿನ ವೈದ್ಯರು ಮತ್ತು ಸ್ತ್ರೀರೋಗ ತಜ್ಞರನ್ನು ಬಿಟ್ಟು ಉಳಿದ ತಜ್ಞರ ಬಳಿ ಹೋಗಲು ಚೀಟಿ ಕಡ್ಡಾಯ. ನೆನಪಿಲ್ಲದಿದ್ದರೆ ಕಾಸ್ಸೆಗೆ ಫೋನ್ ಮಾಡಿ ವಿಚಾರಿಸಿ.

3. ಕಾಸ್ಸೆಯ ರೋಗಿಗಳನ್ನು ನೋಡುವ ವೈದ್ಯರ ಪಟ್ಟಿ ಮಾಡಿ

ಫಲಕದ ಮೇಲೆ ‘ಹೌಟ್‌ಆರ್ಟ್ಸ್ಟ್’, ‘ಡೆರ್ಮಟೊಲೊಗೀ’ ಅಥವಾ ‘ಹೌಟ್ ಉಂಡ್ ಗೆಶ್ಲೆಶ್ಟ್ಸ್‌ಕ್ರಾಂಕ್‌ಹೈಟನ್’ ಎಂದಿರುತ್ತದೆ. ಮೂರಕ್ಕೂ ಅರ್ಥ ಚರ್ಮವೈದ್ಯರೇ. ನಿಮಗೆ ಮುಖ್ಯವಾದದ್ದು ಅದರ ಕೆಳಗಿನ ಸಾಲು. ‘ಆಲೆ ಕಾಸ್ಸೆನ್’ ಎಂದಿದ್ದರೆ ಎಲ್ಲ ಕಾಸ್ಸೆಗಳ ರೋಗಿಗಳನ್ನೂ ನೋಡುತ್ತಾರೆ ಎಂದರ್ಥ. ‘ಪ್ರಿವಾಟ್‌ಪ್ರಾಕ್ಸಿಸ್’ ಎಂದಿದ್ದರೆ ಅಲ್ಲಿ ಖಾಸಗಿ ವಿಮೆಯವರು ಮತ್ತು ಕೈಯಿಂದ ಹಣ ಕೊಡುವವರಿಗೆ ಮಾತ್ರ ಪ್ರವೇಶ. ಅಲ್ಲಿ ನೀವು ಕೊಟ್ಟ ಹಣವನ್ನು ಕಾಸ್ಸೆ ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಬಿಲ್ಲು ಕಳುಹಿಸಿದರೆ ಊರಿನ ಮೆಡಿಕ್ಲೇಮ್‌ನಂತೆ ಹಣ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪಟ್ಟಿಗೆ ನಂಬಬಹುದಾದ ಮೂಲ ‘ಕಾಸ್ಸೆನ್‌ಎರ್ಟ್ಸ್ಟ್‌ಲಿಶೆ ಫರ್‌ಐನಿಗುಂಗ್’, ಅಂದರೆ ಕಾಸ್ಸೆಗಳೊಂದಿಗೆ ಒಪ್ಪಂದವಿರುವ ವೈದ್ಯರ ಪ್ರಾದೇಶಿಕ ಸಂಘ. ದೇಶದಲ್ಲಿ ರಾಜ್ಯಗಳು 16 ಇದ್ದರೂ ಈ ಸಂಘಗಳು 17 ಇವೆ, ಏಕೆಂದರೆ ನಾರ್ತ್‌ರೈನ್–ವೆಸ್ಟ್‌ಫಾಲಿಯಾ ರಾಜ್ಯಕ್ಕೆ ಎರಡಿವೆ. ಡುಸೆಲ್ಡಾರ್ಫ್ ಅಥವಾ ಕಲೋನಿನಲ್ಲಿದ್ದರೆ ನಾರ್ತ್‌ರೈನ್ ಸಂಘದ ತಾಣವನ್ನೂ, ಡಾರ್ಟ್‌ಮುಂಡಿನಲ್ಲಿದ್ದರೆ ವೆಸ್ಟ್‌ಫಾಲಿಯಾ–ಲಿಪ್ಪೆ ಸಂಘದ ತಾಣವನ್ನೂ ನೋಡಬೇಕು. ಈ ಸಂಘಗಳ ಹುಡುಕಾಟದಲ್ಲಿ ಸಿಗುವವರು ಕಾಸ್ಸೆಯ ವೈದ್ಯರೇ ಆಗಿರುವುದರಿಂದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹಲವು ಕಡೆ ವೈದ್ಯರು ಮಾತನಾಡುವ ಭಾಷೆಯ ಆಧಾರದಲ್ಲೂ ಹುಡುಕಬಹುದು.

ಡಾಕ್ಟೊಲಿಬ್, ಯಮೇಡಾದಂಥ ಬುಕಿಂಗ್ ತಾಣಗಳು ಅನುಕೂಲಕರ, ಆದರೆ ಅಲ್ಲಿ ಕಣ್ಣು ತೆರೆದಿಟ್ಟುಕೊಂಡು ಮುಂದುವರಿಯಿರಿ. ವಿಮೆಯ ಪ್ರಶ್ನೆಗೆ ‘ಗೆಸೆಟ್ಸ್‌ಲಿಶ್’ ಎಂದೇ ಉತ್ತರಿಸಿ. ‘ಜೆಲ್ಬ್‌ಸ್ಟ್‌ತ್ಸಾಲರ್’ ಎಂಬ ಪದ ಎಲ್ಲಿ ಕಂಡರೂ ನಿಲ್ಲಿ. ಅದರ ಅರ್ಥ ಸ್ವಂತ ಹಣದಿಂದ ಪಾವತಿಸುವವರು. ನಾಳೆ ಬೆಳಿಗ್ಗೆಯೇ ಸಮಯ ಖಾಲಿ ಇದೆ ಎಂದು ತೋರಿಸಿದರೆ ಅದು ಸೌಂದರ್ಯ ಚಿಕಿತ್ಸೆಗೋ ಸ್ವಂತ ಹಣದ ಭೇಟಿಗೋ ಮೀಸಲಿಟ್ಟ ಸಮಯವಾಗಿರುವ ಸಾಧ್ಯತೆ ಹೆಚ್ಚು.

4. ಫೋನ್ ಮಾಡಿ

ಪಟ್ಟಿಯಲ್ಲಿ ಐದಾರು ಹೆಸರುಗಳಿದ್ದರೆ ಸಾಕು. ವಾಸಸ್ಥಳದ ಪಿನ್‌ಕೋಡಿಗೇ ಅಂಟಿಕೊಳ್ಳದೆ ರೈಲಿನಲ್ಲಿ ಅರ್ಧ–ಮುಕ್ಕಾಲು ಗಂಟೆ ದೂರದ ಸಣ್ಣ ಪಟ್ಟಣಗಳನ್ನೂ ಸೇರಿಸಿಕೊಳ್ಳಿ. ಕರೆ ತೆಗೆದ ಕೂಡಲೇ ‘ಇಶ್ ಬಿನ್ ಗೆಸೆಟ್ಸ್‌ಲಿಶ್ ಫರ್‌ಜಿಶರ್ಟ್’, ಅಂದರೆ ನಾನು ಸಾರ್ವಜನಿಕ ವಿಮೆಯಲ್ಲಿದ್ದೇನೆ ಎಂದು ಮೊದಲೇ ಹೇಳಿಬಿಡಿ. ನಂತರ ‘ನೇಮೆನ್ ಜೀ ನೊಯೆ ಪಟ್ಸಿಯೆಂಟನ್ ಔಫ್?’ ಎಂದು ಕೇಳಿ. ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಇದರರ್ಥ. ಇಲ್ಲ ಎಂದರೂ ಫೋನ್ ಇಡುವ ಮುನ್ನ ‘ಓಫೆನೆ ಶ್ಪ್ರೆಶ್‌ಷ್ಟುಂಡೆ’, ಅಂದರೆ ಸಮಯ ಗೊತ್ತುಪಡಿಸದೆ ಹೋಗಬಹುದಾದ ವೇಳೆ, ಯಾವಾಗ ಎಂದು ವಿಚಾರಿಸಿ, ಅದರ ವಿವರ ಆರನೆಯ ಹಂತದಲ್ಲಿದೆ. ಮೂರು ತಿಂಗಳ ಆಚೆಯ ದಿನ ಕೊಟ್ಟರೂ ಒಪ್ಪಿಕೊಂಡು, ಯಾರಾದರೂ ರದ್ದುಮಾಡಿದರೆ ತಿಳಿಸಿ ಎಂದು ಹೇಳಿ ನಂಬರು ಕೊಟ್ಟಿಡಿ. ಆದರೆ ಬೇರೆಡೆ ಸಮಯ ಸಿಕ್ಕ ದಿನವೇ ಹಳೆಯದನ್ನು ರದ್ದುಪಡಿಸುವುದು ನಿಮ್ಮ ಜವಾಬ್ದಾರಿ. ತಿಳಿಸದೆ ತಪ್ಪಿಸಿದರೆ ದಂಡದ ಬಿಲ್ಲು ಕಳುಹಿಸುವ ಕ್ಲಿನಿಕ್ಕುಗಳಿವೆ, ಮತ್ತು ಅದನ್ನು ಕಾಸ್ಸೆ ಕಟ್ಟುವುದಿಲ್ಲ.

5. 116117

ಇದು ದೇಶಕ್ಕೆಲ್ಲ ಒಂದೇ ಇರುವ ಉಚಿತ ಸಂಖ್ಯೆ. ಕ್ಲಿನಿಕ್ಕುಗಳು ಮುಚ್ಚಿರುವ ಹೊತ್ತಿನಲ್ಲಿ ವೈದ್ಯರನ್ನು ಕಾಣಲು ಇದನ್ನು ಬಳಸುತ್ತಾರೆ ಎಂಬುದು ಹಲವರಿಗೆ ಗೊತ್ತು. ತಜ್ಞರ ಸಮಯವನ್ನು ಗೊತ್ತುಮಾಡಿಕೊಡುವ ಕೆಲಸವೂ ಇದೇ ಸೇವೆಯದು ಎಂಬುದು ಅಷ್ಟಾಗಿ ತಿಳಿದಿಲ್ಲ. ಎರಡನೆಯ ಹಂತದಲ್ಲಿ ಪಡೆದ ಕೋಡನ್ನು ಇದರ ತಾಣದಲ್ಲೋ ಆ್ಯಪಿನಲ್ಲೋ ನಮೂದಿಸಿ, ಇಲ್ಲವೇ ಫೋನಿನಲ್ಲಿ ಓದಿಹೇಳಿ. ಒಂದು ವಾರದೊಳಗೆ ಅವರು ನಿಮಗೊಂದು ಸಮಯ ಸೂಚಿಸಬೇಕು, ಆ ಸಮಯ ನಂತರದ ನಾಲ್ಕು ವಾರಗಳ ಆಚೆಗೆ ಹೋಗಬಾರದು ಎಂಬುದು ಕಾನೂನು. ಕ್ಲಿನಿಕ್ಕುಗಳಲ್ಲಿ ಸಿಗದಿದ್ದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೂ ಕೊಡಿಸಬೇಕು. ಆದರೆ ಮುಂದೂಡಬಹುದಾದ ಮಾಮೂಲಿ ತಪಾಸಣೆಗಳಿಗೂ ಸಣ್ಣಪುಟ್ಟ ತೊಂದರೆಗಳಿಗೂ ಈ ಗಡುವು ಅನ್ವಯಿಸುವುದಿಲ್ಲ.

ಈ ಸೇವೆಯಲ್ಲಿ ವೈದ್ಯರನ್ನು ಆರಿಸಿಕೊಳ್ಳುವ ಹಕ್ಕು ನಿಮಗಿಲ್ಲ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಪಕ್ಕದ ಊರಿಗೆ ಹೋಗಬೇಕೆಂದರೆ ಹೋಗಬೇಕು. ಆಫೀಸಿನ ಮೀಟಿಂಗಿಗಾಗಿ ಅದನ್ನು ಬಿಟ್ಟುಕೊಟ್ಟರೆ ಮುಂದಿನದು ಇನ್ನಷ್ಟು ತಡವಾಗಬಹುದು.

6. ಸಮಯ ಗೊತ್ತುಪಡಿಸದೆ ಹೋಗುವ ದಾರಿ

2019ರಲ್ಲಿ ಬಂದ ಕಾನೂನಿನಂತೆ, ಚರ್ಮವೈದ್ಯರೂ ಸೇರಿ ಕೆಲವು ಬಗೆಯ ತಜ್ಞರು ವಾರದಲ್ಲಿ ಕನಿಷ್ಠ ಐದು ಗಂಟೆ ‘ಓಫೆನೆ ಶ್ಪ್ರೆಶ್‌ಷ್ಟುಂಡೆ’, ಎಂದರೆ ಮುಂಗಡ ಸಮಯವಿಲ್ಲದೆ ಬರುವವರಿಗೆ ತೆರೆದ ವೇಳೆ ಇಡಬೇಕು. ಇದು ನಮ್ಮೂರಿನ ಟೋಕನ್ ಪದ್ಧತಿಗೆ ಹತ್ತಿರವಾದದ್ದು. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಿ. ಸಂಖ್ಯೆ ತುಂಬಿದ ಮೇಲೆ ಬಂದವರನ್ನು ವಾಪಸು ಕಳುಹಿಸುವುದುಂಟು. ಈ ವೇಳೆ ಹೊಸದಾಗಿ ಕೆರಳಿದ ಒಂದು ತೊಂದರೆಗಷ್ಟೇ ಮೀಸಲು, ಮೈಮೇಲಿನ ಮಚ್ಚೆಗಳನ್ನೆಲ್ಲ ಪರೀಕ್ಷಿಸಿ ಎಂದು ಇಲ್ಲಿ ಕೇಳಬಾರದು.

7. ಭೇಟಿಯ ದಿನ ಏನು ಒಯ್ಯಬೇಕು, ಏನು ಹೇಳಬೇಕು

ವಿಮೆಯ ಕಾರ್ಡ್ ಮತ್ತು ಚೀಟಿ ಇರಲಿ. ಕಾರ್ಡನ್ನು ಮೂರು ತಿಂಗಳ ಪ್ರತಿ ಅವಧಿಯಲ್ಲಿ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಿಂದ ಆರಂಭವಾಗುವ ಪ್ರತಿ ತ್ರೈಮಾಸಿಕದಲ್ಲಿ, ಆ ಕ್ಲಿನಿಕ್ಕಿನಲ್ಲಿ ಒಮ್ಮೆ ಓದಿಸಬೇಕು. ಮರೆತು ಹೋದರೆ ಹತ್ತು ದಿನಗಳೊಳಗೆ ತೋರಿಸಬೇಕು, ಇಲ್ಲದಿದ್ದರೆ ಅವರು ಖಾಸಗಿ ಬಿಲ್ಲು ಕೊಡಬಹುದು. ಆ ತ್ರೈಮಾಸಿಕ ಮುಗಿಯುವುದರೊಳಗೆ ಕಾರ್ಡ್ ತೋರಿಸಿದರೆ ಕಟ್ಟಿದ ಹಣ ವಾಪಸು ಸಿಗುತ್ತದೆ.

ನಮ್ಮ ಚರ್ಮಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಬಿಳಿಯ ಚರ್ಮದ ಮೇಲೆ ಕೆಂಪಾಗಿ ಕಾಣುವ ಉರಿಯೂತ ಕಂದು ಚರ್ಮದ ಮೇಲೆ ನೇರಳೆ, ಬೂದು ಅಥವಾ ಕಡುಕಂದು ಬಣ್ಣದಲ್ಲಿ ಕಾಣುತ್ತದೆ, ಕೆಲವೊಮ್ಮೆ ಬಣ್ಣದ ವ್ಯತ್ಯಾಸವೇ ತೋರುವುದಿಲ್ಲ. ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ಆದ್ದರಿಂದ ತೊಂದರೆ ಕೆರಳಿದ ದಿನ ಕಿಟಕಿಯ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಭೇಟಿಯ ದಿನ ದದ್ದು ತಣ್ಣಗಾಗಿದ್ದರೂ ತೋರಿಸಲು ಏನಾದರೂ ಇರುತ್ತದೆ. 35 ವರ್ಷ ತುಂಬಿದ ಕಾಸ್ಸೆಯ ಸದಸ್ಯರಿಗೆ ಎರಡು ವರ್ಷಕ್ಕೊಮ್ಮೆ ಚರ್ಮದ ಕ್ಯಾನ್ಸರ್ ತಪಾಸಣೆ ಮಾಡುವ ಪದ್ಧತಿ 2008ರ ಜುಲೈನಲ್ಲಿ ಆರಂಭವಾಯಿತು. ಅದನ್ನು ಮಾಡಿಸುವಾಗ ಸಾಕ್ಸ್ ಬಿಚ್ಚಿ ಅಂಗಾಲು, ಅಂಗೈ ಮತ್ತು ಉಗುರುಗಳನ್ನು ತಪ್ಪದೆ ತೋರಿಸಿ. ಉಗುರುಬಣ್ಣ ಹಚ್ಚಿಕೊಂಡು ಹೋಗಬೇಡಿ. ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ, ಆದರೆ ಬಂದಾಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಜಾಗಗಳಲ್ಲೇ.

ಎರಡನೆಯದು ಊರಿನಿಂದ ತಂದ ಮುಲಾಮು. ನಮ್ಮಲ್ಲಿ ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಹಲವು ತುರಿಕೆ ಮುಲಾಮುಗಳಲ್ಲಿ ಫಂಗಸ್ ಔಷಧದ ಜೊತೆ ತೀಕ್ಷ್ಣವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಹುಳುಕಡ್ಡಿ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಅಷ್ಟರಲ್ಲಿ ಅದರ ಉಂಗುರದ ಆಕಾರ ಅಳಿಸಿಹೋಗಿ ವೈದ್ಯರಿಗೆ ಇಸುಬಿನಂತೆ ಕಾಣಬಹುದು. ಇದರ ಜೊತೆಗೆ, 2020ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಸಲಾದ, ಭಾರತದಲ್ಲಿ ವ್ಯಾಪಕವಾಗಿ ಹಬ್ಬಿರುವ ಫಂಗಸ್ ಮಾಮೂಲಿ ಔಷಧವಾದ ಟರ್ಬಿನಾಫಿನ್‌ಗೆ ಎಷ್ಟೋ ಸಲ ಬಗ್ಗುವುದಿಲ್ಲ. ಜರ್ಮನಿಯಲ್ಲೂ ಇಂಥ ಪ್ರಕರಣಗಳು ವರದಿಯಾಗಿವೆ. ಹಾಗಾಗಿ ಹಚ್ಚಿದ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಭಾರತಕ್ಕೆ ಹೋಗಿ ಬಂದ ತಿಂಗಳನ್ನು ಹೇಳಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂಬುದನ್ನೂ ತಿಳಿಸಿ, ಚರ್ಮದ ಹೊಟ್ಟು ಕೆರೆದು ಪ್ರಯೋಗಾಲಯಕ್ಕೆ ಕಳುಹಿಸುವ ಅಗತ್ಯವಿದೆಯೇ ಎಂದು ಕೇಳಿ. ಬೈದಾರು ಎಂಬ ಅಂಜಿಕೆಯಿಂದ ಮುಲಾಮಿನ ವಿಷಯ ಮುಚ್ಚಿಟ್ಟರೆ ಇಷ್ಟು ಕಷ್ಟಪಟ್ಟು ಪಡೆದ ಹತ್ತು ನಿಮಿಷ ವ್ಯರ್ಥವಾಗುತ್ತದೆ.

8. ಸಹಿ ಹಾಕುವ ಮುನ್ನ, ಔಷಧಿ ಕೊಳ್ಳುವ ಮುನ್ನ

ಕಾಯುವ ಕೋಣೆಯಲ್ಲಿ ಕೈಗೆ ಕೊಡುವ ಕಾಗದಗಳಲ್ಲಿ ‘ಇಗೆಲ್’ ಎಂಬ ನಾಲ್ಕಕ್ಷರದ ಜರ್ಮನ್ ಸಂಕ್ಷೇಪ ಇದೆಯೇ ನೋಡಿ. ಕಾಸ್ಸೆ ಭರಿಸದ, ನೀವೇ ಹಣ ಕೊಡಬೇಕಾದ ಸೇವೆಗಳಿಗೆ ಆ ಹೆಸರು. ಮಚ್ಚೆಗಳನ್ನು ಕಂಪ್ಯೂಟರಿನಲ್ಲಿ ಚಿತ್ರ ತೆಗೆದು ದಾಖಲಿಸುವುದು, ಅಪಾಯವಿಲ್ಲದ ಮಚ್ಚೆಯನ್ನು ಚಂದಕ್ಕಾಗಿ ತೆಗೆಸುವುದು, ಬಂಗಿಗೆ ಪೀಲಿಂಗ್ ಮಾಡುವುದು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಉಪಯುಕ್ತವಾದವೂ ಇರಬಹುದು, ಆದರೆ ಮೊದಲೇ ಲಿಖಿತ ಒಪ್ಪಂದವಾಗಬೇಕು, ದರ ತಿಳಿಸಬೇಕು, ಬೇಡ ಎನ್ನುವ ಹಕ್ಕು ನಿಮಗಿದೆ. ಮನೆಗೆ ಒಯ್ದು ಯೋಚಿಸುತ್ತೇನೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಚರ್ಮದ ಮೇಲಿಟ್ಟು ನೋಡುವ ಭೂತಗನ್ನಡಿಯಂಥ ಉಪಕರಣಕ್ಕೆ ಪ್ರತ್ಯೇಕ ಹಣ ಕೇಳಿದರೆ, 2020ರಿಂದ ಅದು ಕ್ಯಾನ್ಸರ್ ತಪಾಸಣೆಯ ಭಾಗವಾಗಿದೆ ಎಂಬುದನ್ನು ನೆನಪಿಡಿ. ಕಾಸ್ಸೆ ಭರಿಸುವ ಚಿಕಿತ್ಸೆಗೇ ಸ್ವಂತ ಹಣ ಕೇಳಿದರೆ ಅಲ್ಲಿ ವಾದಿಸುತ್ತಾ ನಿಲ್ಲದೆ ದಿನಾಂಕ ಮತ್ತು ವಿವರ ಬರೆದುಕೊಂಡು ಕಾಸ್ಸೆಗೆ ತಿಳಿಸಿ.

ಔಷಧಿಯ ಚೀಟಿ 2024ರ ಜನವರಿಯಿಂದ ವಿಮೆಯ ಕಾರ್ಡಿನ ಮೂಲಕವೇ ಔಷಧಿ ಅಂಗಡಿಗೆ ತಲುಪುತ್ತದೆ. 28 ದಿನಗಳೊಳಗೆ ಕೊಳ್ಳದಿದ್ದರೆ ಅದಕ್ಕೆ ಕಾಸ್ಸೆ ಹಣ ಕೊಡುವುದಿಲ್ಲ. ನಿಮ್ಮ ಪಾಲು ಬೆಲೆಯ ಹತ್ತನೆಯ ಒಂದು ಭಾಗ, ಆದರೆ 5 ಯೂರೊಗಿಂತ ಕಡಿಮೆಯಿಲ್ಲ, 10 ಯೂರೊಗಿಂತ ಹೆಚ್ಚಿಲ್ಲ. 18 ವರ್ಷದೊಳಗಿನವರಿಗೆ ಅದೂ ಇಲ್ಲ. ಚೀಟಿಯಿಲ್ಲದೆ ಸಿಗುವ ಔಷಧಗಳನ್ನೂ ಚರ್ಮ ಒಣಗದಂತೆ ಹಚ್ಚುವ ಕ್ರೀಮುಗಳನ್ನೂ ದೊಡ್ಡವರು ಸಾಮಾನ್ಯವಾಗಿ ತಮ್ಮ ಹಣದಿಂದಲೇ ಕೊಳ್ಳಬೇಕು.

ಊರಿನಿಂದ ಬಂದ ಹಿರಿಯರ ವಿಷಯ

ಬೇಸಿಗೆಯಲ್ಲಿ ಮೂರು ತಿಂಗಳಿಗೆಂದು ಬಂದ ತಂದೆತಾಯಿಯರನ್ನು ನಮ್ಮ ಕಾರ್ಡಿನ ಮೇಲೆ ತೋರಿಸಬಹುದೇ ಎಂದು ಕೇಳುವವರು ಬಹಳ. ಸಾಧ್ಯವಿಲ್ಲ. ಕಾಸ್ಸೆಯ ಕುಟುಂಬ ವಿಮೆಗೆ ಸೇರುವವರು ಸ್ವಂತ ಆದಾಯ ಇಲ್ಲದ ಅಥವಾ ಕಡಿಮೆ ಇರುವ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಮಾತ್ರ. ಹಿರಿಯರನ್ನು ಸ್ವಂತ ಹಣದ ರೋಗಿಗಳಾಗಿ ತೋರಿಸಿ ಬಿಲ್ಲನ್ನು ಅವರ ಪ್ರಯಾಣ ವಿಮೆಗೆ ಕಳುಹಿಸಬೇಕಾಗುತ್ತದೆ. ಇಂಥ ವಿಮೆಗಳು ಹೊರಡುವ ಮುಂಚೆಯೇ ಇದ್ದ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುವುದರಿಂದ, ಅಮ್ಮನ ಹಳೆಯ ಇಸುಬಿನ ಮುಲಾಮನ್ನು ವೈದ್ಯರ ಚೀಟಿಯ ಸಮೇತ ಊರಿನಿಂದಲೇ ಮೂರು ತಿಂಗಳಿಗಾಗುವಷ್ಟು ತರಲು ಹೇಳುವುದು ಖರ್ಚಿನ ದೃಷ್ಟಿಯಿಂದ ಮೇಲು. ಹೊಸದಾಗಿ ಏನಾದರೂ ಕಾಣಿಸಿಕೊಂಡರೆ ಪ್ರಿವಾಟ್‌ಪ್ರಾಕ್ಸಿಸ್‌ಗೆ ಅವರನ್ನು ಕರೆದೊಯ್ಯಲು ಅಡ್ಡಿಯಿಲ್ಲ, ಅವರಿಗೆ ಅಲ್ಲಿ ಒಂದೇ ವಾರದಲ್ಲಿ ಸಮಯ ಸಿಕ್ಕಿದರೂ ಅಚ್ಚರಿಪಡಬೇಕಾಗಿಲ್ಲ. ಬಿಲ್ಲಿನಲ್ಲಿ ಕಾಯಿಲೆಯ ಹೆಸರು ಮತ್ತು ಭೇಟಿಯ ದಿನಾಂಕ ಎರಡೂ ಇವೆಯೇ ಎಂದು ಅಲ್ಲಿಂದ ಹೊರಡುವ ಮೊದಲೇ ನೋಡಿಕೊಳ್ಳಿ.